ಆಚಾರಿ ಮನೆ ಅಡಿಗಲ್ಲಿಗೆ ಬೆಲೆ ಕಟ್ಟೋದು ಹೇಗೆ

ಹಳೇ ಅಡಿಗಲ್ಲನ್ನ ಗುಜರಿ ಟೆಂಪೋಗೆ ಎತ್ತಿ ಹಾಕೋಕೆ ಮುಂಚೆ ಇದನ್ನ ಒಂದು ಸಲ ಪೂರ್ತಿ ಓದಿ ಅಣ್ಣಂದಿರೆ. ನಮ್ಮ ಸುತ್ತಮುತ್ತಲ ಹಳ್ಳಿಗಳಲ್ಲಿ ಈಗ ಹೊಗೆಯಾಡೋ ಕುಲುಮೆ ಎಷ್ಟು ಉಳಿದಿವೆ ಅಂತ ಬೆರಳು ಮಡಚಿ ಎಣಿಸಿದರೆ ಒಂದು ಕೈ ಸಾಕು. ಗುಳ ತಟ್ಟಿಸೋರು ಇಲ್ಲ, ಟ್ರ್ಯಾಕ್ಟರ್ ಕಲ್ಟಿವೇಟರ್ ಹಲ್ಲು ಅಂಗಡೀಲಿ ಸಿಗುತ್ತೆ, ಕುಡುಗೋಲು ಸಂತೇಲಿ ಸಿಗುತ್ತೆ. ಕುಲುಮೆ ಮುಚ್ಚಿದ ಮನೇಲಿ ತಿದಿ ಹರಿದು ಹೋಗುತ್ತೆ, ಇಕ್ಕಳ ತುಕ್ಕು ಹಿಡಿಯುತ್ತೆ, ಕೊನೆಗೆ ಉಳಿಯೋದು ಅಡಿಗಲ್ಲು ಒಂದೇ. ಅದನ್ನ ಯಾರೂ ಎತ್ತಿಕೊಂಡು ಹೋಗೋಕಾಗಲ್ಲ ಅಂತಲೇ ಉಳಿದಿರುತ್ತೆ. ಆಮೇಲೆ ಒಂದಿನ ಮೈಕು ಕಟ್ಟಿಕೊಂಡು ಹಳೇ ಕಬ್ಬಿಣದವನು ಬರ್ತಾನೆ. ಕಣ್ಣಲ್ಲೇ ತೂಕ ಹೇಳ್ತಾನೆ. ಮುಗೀತು.

ನಾನು ಆಚಾರಿ ಕುಲದವನಲ್ಲ, ಬೇಸಾಯದವನು. ಆದರೆ ಚಿಕ್ಕೋನಿದ್ದಾಗಿಂದ ಗುಳ ಹೊತ್ತುಕೊಂಡು ಕುಲುಮೆ ಮುಂದೆ ಕೂತು ಕೂತು, ಆ ಕಬ್ಬಿಣದ ಮೇಲೆ ಒಂದು ಹುಚ್ಚು ಹತ್ತಿಕೊಂಡಿತು. ಹತ್ತಾರು ಅಡಿಗಲ್ಲು ಉಜ್ಜಿ ತೊಳೆದು ನೋಡಿದ್ದೀನಿ. ಅದರಿಂದ ಗೊತ್ತಾಗಿದ್ದನ್ನ, ಅದರ ಚರಿತ್ರೆ ಸಮೇತ, ಇಲ್ಲಿ ಬರೀತಿದ್ದೀನಿ. ಚರಿತ್ರೆ ಗೊತ್ತಿಲ್ಲದೆ ಬೆಲೆ ಕಟ್ಟೋಕೆ ಬರಲ್ಲ.

ಮೊದಲು ಹೆಸರಿಂದ ಶುರು ಮಾಡೋಣ. ಕಬ್ಬಿಣದ ಗಟ್ಟಿಗೆ ನಾವು ಯಾಕೆ ‘ಕಲ್ಲು’ ಅಂತೀವಿ? ಹಳಗನ್ನಡದಲ್ಲಿ ಇದು ಅಡೆಗಲ್. ‘ಅಡೆ’ ಅಂದರೆ ಕೆಲಸದ ವಸ್ತುವಿಗೆ ಅಡಿಯಲ್ಲಿ ಕೊಡೋ ಆಸರೆ. ಅಕ್ಕಸಾಲಿ, ಬಡಗಿ ತಮ್ಮ ಕೆಲಸದ ಕೆಳಗೆ ಇಟ್ಟುಕೊಳ್ಳೋ ಮರದ ತುಂಡಿಗೂ ಅಡೆ ಅಂತಲೇ ಹೆಸರಿತ್ತು. ತಮಿಳಲ್ಲಿ ಅಡೈಕಲ್. ನಮ್ಮ ಕೋಲಾರ ಸೀಮೇಲಿ ತೆಲುಗು ಮನೆಮಾತಿನೋರು ‘ದಾಗಲಿ’ ಅಂತಾರಲ್ಲ, ಅದೂ ಇದೇ ಪದ, ನಾಲಿಗೆ ಮೇಲೆ ಉರುಳಿ ಉರುಳಿ ಸವೆದಿದೆ ಅಷ್ಟೆ. ಮೂರೂ ಭಾಷೇಲಿ ಕಲ್ಲು ಅಡಗಿ ಕೂತಿದೆ. ಅಂದರೆ ನಮ್ಮ ಹಿರಿಯರು ಮೊದಲು ಕಾದ ಕಬ್ಬಿಣ ತಟ್ಟಿದ್ದು ಕಲ್ಲಿನ ಮೇಲೇನೇ. ಕಬ್ಬಿಣದ ಗಟ್ಟಿ ಆಮೇಲೆ ಬಂತು, ಹೆಸರು ಹಳೇದೇ ಉಳೀತು. ಕನ್ನಡ ಗೊತ್ತಿದ್ದೋರಿಗೆ ಈ ಚರಿತ್ರೆ ಪುಕ್ಕಟೆ ಸಿಕ್ಕಿದೆ, ಯಾವ ಶಾಸನವೂ ಬೇಡ.

ಈಗ ನಮ್ಮ ಹಳ್ಳಿಗಳಲ್ಲಿ ಸಿಗೋ ಅಡಿಗಲ್ಲುಗಳನ್ನ ನೋಡಿದರೆ ಮುಖ್ಯವಾಗಿ ಮೂರು ಜಾತಿ. ನಾಡ ಗಟ್ಟಿ, ಕೊಂಬಿನ ಸೀಮೆ ಅಡಿಗಲ್ಲು, ರೈಲುಕಂಬಿ ತುಂಡು. ನಾಲ್ಕನೇದು ಒಂದಿದೆ, ಬೀಡು ಕಬ್ಬಿಣದ್ದು, ಅದರ ಬಗ್ಗೆ ಜಾಸ್ತಿ ಹೇಳೋಕೇನಿಲ್ಲ, ಕೊನೇಲಿ ಎರಡು ಮಾತು ಹೇಳ್ತೀನಿ.

ನಾಡ ಗಟ್ಟಿ ನೋಡೋಕೆ ಏನೂ ಚೆಂದ ಇಲ್ಲ. ಚೌಕಾಕಾರದ ಮುದ್ದೆ, ಹತ್ತು ಕೆ.ಜಿ.ಯಿಂದ ಇಪ್ಪತ್ತು ಕೆ.ಜಿ. ಒಳಗೆ, ಕೊಂಬಿಲ್ಲ, ತೂತಿಲ್ಲ, ಅಕ್ಷರ ಇಲ್ಲ. ಹುಣಸೆ ಬೊಡ್ಡೇಲೋ ಜಾಲಿ ಬೊಡ್ಡೇಲೋ ಅರ್ಧ ಇಳಿಸಿ, ಆ ಬೊಡ್ಡೇನ ನೆಲದಲ್ಲಿ ಹೂತಿರ್ತಾರೆ. ನೆಲಮಟ್ಟದಿಂದ ಒಂದು ಗೇಣು ಮೇಲೆ ಬಂದರೆ ಹೆಚ್ಚು. ಯಾಕೆ ಅಂದರೆ ನಮ್ಮ ಆಚಾರಿ ಕೂತು ಕೆಲಸ ಮಾಡೋನು. ಮುಂದೆ ಕುಲುಮೆ ಗುಂಡಿ, ಒಂದು ಕಡೆ ತಿದಿ, ಕಾಲ ಸಂದೀಲಿ ಅಡಿಗಲ್ಲು, ಎದುರಿಗೆ ಸಮ್ಮಟಿಗೆ ಹೊಡೆಯೋನು ಮಾತ್ರ ನಿಂತಿರೋನು. ಸಮ್ಮಟಿಗೆ ಹೊಡೆಯೋ ಕೆಲಸ ಗುಳ ತಂದ ರೈತನಿಗೇ ಬೀಳ್ತಿತ್ತು ಅನ್ನೋದು ನನ್ನ ವಯಸ್ಸಿನೋರಿಗೆಲ್ಲ ಗೊತ್ತು. ನಮ್ಮ ಅಪ್ಪನ ಅಂಗೈ ಗಂಟಲ್ಲಿ ಅರ್ಧ ನೇಗಿಲಿಂದು, ಅರ್ಧ ಆಚಾರಿ ಸಮ್ಮಟಿಗೇದು.

ಇದಕ್ಕೆ ಕೊಂಬು ಯಾಕಿಲ್ಲ ಅಂತ ತುಂಬ ಜನ ಕೇಳ್ತಾರೆ. ಬೇಕಿರಲಿಲ್ಲ, ಅದಕ್ಕೆ ಇಲ್ಲ. ಗುಳ ನೇರ, ಮಚ್ಚು ನೇರ, ಗುದ್ದಲಿ ತಟ್ಟೆ. ಎತ್ತಿನ ಲಾಳ ನೋಡಿ, ಗೊರಸು ಸೀಳಿರೋದರಿಂದ ಒಂದೊಂದು ಕಾಲಿಗೆ ಎರಡೆರಡು ಚಪ್ಪಟೆ ಬಿಲ್ಲೆ. ಚಪ್ಪಟೆ ಗಟ್ಟಿ ಮೇಲೇ ಆಗಿಹೋಗುತ್ತೆ. ಕುದುರೆ ಲಾಳ ಹಂಗಲ್ಲ, ದುಂಡಗೆ ಬಗ್ಗಿಸಬೇಕು, ಅದಕ್ಕೆ ಕೊಂಬು ಬೇಕು. ಅಡಿಗಲ್ಲಿನ ಆಕಾರ ನೋಡಿದರೆ ಆ ಊರಲ್ಲಿ ಯಾವ ಪ್ರಾಣಿ ದುಡೀತಿತ್ತು ಅಂತ ಹೇಳಬಹುದು.

ಇನ್ನು ಆ ಗಟ್ಟಿ ಕಬ್ಬಿಣ ಎಲ್ಲಿಂದ ಬಂತು? ಬಹಳ ಹಳೇದಾದರೆ ಅದು ನಮ್ಮ ನೆಲದ ಕಬ್ಬಿಣ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಅನ್ನೋ ವೈದ್ಯ ಕಂಪನಿ ಸರ್ಕಾರದ ಅಪ್ಪಣೆ ಮೇಲೆ ಮೈಸೂರು ಸೀಮೆ ಸುತ್ತೋಕೆ ಹೊರಟ. ಊರೂರಿನ ಬೆಳೆ, ಮಣ್ಣು, ಕಸುಬು ಎಲ್ಲ ಬರ್ಕೊಂಡ. ಕಪ್ಪು ಮರಳು, ಅದಿರು ಕರಗಿಸಿ ಕಬ್ಬಿಣ ತೆಗೆಯೋದು, ಮಾಗಡಿ ಹತ್ತಿರದ ಗಟ್ಟಿಪುರದಲ್ಲಿ ಉಕ್ಕು ಮಾಡೋದು ಎಲ್ಲ ಅವನ ಪುಸ್ತಕದಲ್ಲಿದೆ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯ್ತು. ಆ ಕಾಲದ ಒಲೇಲಿ ಕಬ್ಬಿಣ ನೀರಾಗಿ ಹರೀತಿರಲಿಲ್ಲ. ಇದ್ದಿಲು ಬೆಂಕೀಲಿ ಸ್ಪಂಜಿನಂಥ ಮುದ್ದೆ ಆಗ್ತಿತ್ತು. ಅದನ್ನ ಬಿಸಿ ಇರೋವಾಗಲೇ ಬಡಿದು ಬಡಿದು ಕಿಟ್ಟ ಹೊರಗೆ ಹಾಕಬೇಕು. ಎಷ್ಟು ಬಡಿದರೂ ಒಂದಿಷ್ಟು ಕಿಟ್ಟ ಎಳೆ ಎಳೆಯಾಗಿ ಒಳಗೇ ಉಳಿಯುತ್ತೆ. ಆಮೇಲೆ 19ನೇ ಶತಮಾನದಲ್ಲಿ ಹಡಗಲ್ಲಿ ಅಗ್ಗದ ಸೀಮೆ ಕಬ್ಬಿಣದ ಪಟ್ಟಿ, ಸರಳು ಬಂದವು. ಇದ್ದಿಲಿಗೆ ಕಾಡೂ ಸುಲಭವಾಗಿ ಸಿಗದ ಹಂಗಾಯ್ತು. ನಮ್ಮ ಕರಗಿಸೋ ಒಲೆಗಳು ಒಂದೊಂದಾಗಿ ಆರಿದವು.

ಗುರುತು ಹಿಡಿಯೋದು ಸುಲಭ. ಗಟ್ಟಿಯ ಪಕ್ಕವನ್ನ ಸೀಮೆಎಣ್ಣೆ ಹಾಕಿ ತಂತಿ ಬ್ರಷ್‌ನಲ್ಲಿ ಉಜ್ಜಿ. ತುಕ್ಕು ಮರದ ನಾರಿನ ಹಂಗೆ ಗೆರೆ ಗೆರೆಯಾಗಿ ತಿಂದಿದ್ದರೆ, ಪದರ ಪದರ ಕಂಡರೆ, ಅದು ಬಡಿದು ಮಾಡಿದ ಮೆದು ಕಬ್ಬಿಣ. ಒಳಗೆ ಉಳಿದ ಕಿಟ್ಟದ ಎಳೆಗಳೇ ಆ ಗೆರೆ. ಆದರೆ ಒಂದು ಮಾತು. ಸೀಮೆಯಿಂದ ಬಂದ ಹಳೇ ಮೆದು ಕಬ್ಬಿಣದಲ್ಲೂ ನಾರು ಇರುತ್ತೆ. ಗೆರೆ ಒಂದನ್ನೇ ನೋಡಿ ‘ಟಿಪ್ಪು ಕಾಲದ್ದು’ ಅಂತ ಡಂಗುರ ಹೊಡೀಬೇಡಿ. ನಾಡ ಗಟ್ಟಿಗೆ ಇನ್ನೊಂದು ಗುರುತು, ಆರು ಮೈಯಲ್ಲಿ ಎರಡು ಮೂರು ಮೈ ಸವೆದಿರುತ್ತೆ. ಒಂದು ಮುಖ ಗುಳಿಬಿದ್ದರೆ ಆಚಾರಿ ಬೊಡ್ಡೆಯಿಂದ ಕಿತ್ತು ಮಗ್ಗುಲು ತಿರುಗಿಸಿ ಕೂರಿಸ್ತಿದ್ದ. ಮೂರು ಮೈ ಸವೆದಿದೆ ಅಂದರೆ ಮೂರು ತಲೆಮಾರಿನ ಕೆಲಸ ಅದರ ಮೇಲೆ ಆಗಿರಬಹುದು.

ಇನ್ನು ಕೊಂಬಿನ ಅಡಿಗಲ್ಲು. ಇದರಲ್ಲೇ ದುಡ್ಡಿರೋದು, ಇದರಲ್ಲೇ ಜನ ಮೋಸ ಹೋಗೋದು, ಹಂಗಾಗಿ ಸ್ವಲ್ಪ ಉದ್ದ ಬರೀತೀನಿ.

ನಮ್ಮ ಸೀಮೆಗೆ ಇದು ಬರೋಕೆ ಮೂರು ದಾರಿ ಇದ್ದವು. ಮೊದಲನೇದು ದಂಡು. ಬೆಂಗಳೂರಲ್ಲಿ 1809ರಲ್ಲಿ ದಂಡು ಪ್ರದೇಶ ಶುರುವಾಯ್ತು. ದಂಡು ಅಂದರೆ ಕುದುರೆ, ಕುದುರೆ ಅಂದರೆ ಲಾಳ. ಎರಡನೇದು ರೈಲು. ಜೋಲಾರ್‌ಪೇಟೆಯಿಂದ ಬೆಂಗಳೂರು ದಂಡಿಗೆ 1864ರಲ್ಲಿ ರೈಲು ಓಡಿತು, ನಮ್ಮ ಬಂಗಾರಪೇಟೆ ಮೇಲೇನೇ. ಆಗ ಅದರ ಹೆಸರು ಬೌರಿಂಗ್‌ಪೇಟೆ. ಮೂರನೇದು ಚಿನ್ನದ ಗಣಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೆ.ಜಿ.ಎಫ್.ಗೆ ಕಾಲಿಟ್ಟಿತು. 1894ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಕ್ಕೆ ಗಣಿ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟೇ ಬಂತು.

ಗಣಿಗೆ ಕುಲುಮೆ ಯಾಕೆ ಅಂತೀರಾ? ಕಲ್ಲು ಕೊರೆಯೋ ಉಕ್ಕಿನ ಸರಳು ಒಂದು ಪಾಳಿ ಮುಗಿಯೋಷ್ಟರಲ್ಲಿ ಮೊಂಡಾಗುತ್ತೆ. ಬೋರ್‌ವೆಲ್ ಬಿಟ್ ಮೊಂಡಾಗೋದು ನಮಗೆಲ್ಲ ಗೊತ್ತಲ್ಲ. ಈಗಿನ ಕಾರ್ಬೈಡ್ ಬಿಟ್ ಬರೋಕೆ ಮುಂಚೆ ಆ ಸರಳುಗಳನ್ನ ಮೇಲೆ ತಂದು, ಕಾಯಿಸಿ, ತಟ್ಟಿ, ಮೊನೆ ಎಬ್ಬಿಸಿ, ಹದ ಕೊಟ್ಟು ಮತ್ತೆ ಕೆಳಗೆ ಕಳಿಸಬೇಕಿತ್ತು. ಇದು ದಿನಾ ನಡೆಯೋ ಕೆಲಸ. ಆ ಕಾಲದಲ್ಲಿ ಗಣಿ ಎಷ್ಟು ದೊಡ್ಡದೋ ಕುಲುಮೆ ಅಷ್ಟು ದೊಡ್ಡದು. ನಿಂತು ಕೆಲಸ ಮಾಡೋ ಎತ್ತರದ ಅಡಿಗಲ್ಲನ್ನ ನಮ್ಮ ಹಳ್ಳಿ ಆಚಾರಿಗಳು ಮೊದಲು ಕಣ್ಣಾರೆ ನೋಡಿದ್ದು ಇಂಥ ಕಡೆ.

ಇಂಗ್ಲೆಂಡಿನ ಅಡಿಗಲ್ಲು ಪೂರ್ತಿ ಉಕ್ಕಲ್ಲ. ಮೈ ಮೆದು ಕಬ್ಬಿಣ, ತುಂಡು ತುಂಡು ಕಾಯಿಸಿ ಬೆಸೆದು ಮಾಡಿದ್ದು. ಮೇಲೆ ಅರ್ಧ ಇಂಚು ಆಸುಪಾಸಿನ ಉಕ್ಕಿನ ತಗಡನ್ನ ಬೆಂಕೀಲೇ ಬೆಸೆದು, ನೀರು ಸುರಿದು ಹದ ಕೊಟ್ಟಿರ್ತಾರೆ. ಆ ತಗಡೇ ಅದರ ಪ್ರಾಣ. ಪಕ್ಕದಿಂದ ನೋಡಿದರೆ ಬೆಸುಗೆ ಗೆರೆ ಕೆಲವು ಸಲ ಕಾಣುತ್ತೆ. ಸೊಂಟದ ಹತ್ತಿರ, ಕಾಲಿನ ಕೆಳಗೆ ಬೆರಳು ತೂರೋಷ್ಟು ಚೌಕದ ಗುಳಿ ಇರುತ್ತೆ. ಕೆಂಡದಂಥ ಅಷ್ಟು ಭಾರದ ಮುದ್ದೇನ ಸರಳು ಚುಚ್ಚಿ ಎತ್ತಿ ಹೊರಳಿಸೋಕೆ ಮಾಡಿದ ಗುಳಿ ಅದು. ಎಷ್ಟೋ ಜನ ಅದನ್ನ ಒಡಕು, ದೋಷ ಅಂತ ತಿಳಿದು ಬೆಲೆ ಇಳಿಸ್ತಾರೆ. ತಲೆಕೆಳಗು ಲೆಕ್ಕ. ಆ ಗುಳಿ ಇದ್ದರೆ ಬಡಿದು ಮಾಡಿದ ಅಡಿಗಲ್ಲು ಅಂತ ಸಾಕ್ಷಿ, ಬೆಲೆ ಏರಬೇಕು.

ಮೇಲೆ ಹಿಂಭಾಗದಲ್ಲಿ ಒಂದು ಚೌಕದ ತೂತು, ಉಳಿ ಕೂರಿಸೋಕೆ. ಅದರ ಪಕ್ಕ ಒಂದು ಚಿಕ್ಕ ದುಂಡು ತೂತು, ಲಾಳಕ್ಕೆ ಮೊಳೆ ತೂತು ಹೊಡೆಯುವಾಗ ಚಾಣ ಕೆಳಗಿಳಿಯೋಕೆ. ಈ ದುಂಡು ತೂತು ರೂಢಿಗೆ ಬಂದಿದ್ದು 19ನೇ ಶತಮಾನದ ಮೊದಲ ಅರ್ಧದಲ್ಲಿ. ಚೌಕದ ತೂತು ಇದ್ದು ದುಂಡು ತೂತು ಇಲ್ಲದ ಸೀಮೆ ಅಡಿಗಲ್ಲು ಸಿಕ್ಕರೆ ಬಹಳ ಹಳೇದಿರಬಹುದು, ಜೋಪಾನ.

ಈಗ ಅಕ್ಷರ. ಪಕ್ಕದ ಮೈ ಮೇಲೆ ಕೊಂಬು ಬಲಕ್ಕೆ ಬರೋ ಹಂಗೆ ನಿಂತು ನೋಡಿ. ಡಡ್ಲಿ ಊರಿನ ಪೀಟರ್ ರೈಟ್, ಶೆಫೀಲ್ಡಿನ ಮೌಸ್‌ಹೋಲ್ ಇವೆರಡು ಹೆಸರಾಂತವು. ಪೀಟರ್ ರೈಟ್ ಆದರೆ ಹೆಸರಿನ ಜತೆ ಪೇಟೆಂಟ್ ಅಂತ, ಸ್ವಲ್ಪ ಈಚಿನದಾದರೆ ಉಂಗುರದೊಳಗೆ ‘ಸಾಲಿಡ್ ರಾಟ್’ ಅಂತ ಒತ್ತಿರುತ್ತೆ. ಮೌಸ್‌ಹೋಲಿನ ಕೆಲವದರ ಮೇಲೆ ಇಲಿ ಚಿತ್ರವೇ ಇರುತ್ತೆ. ಇಂಗ್ಲೆಂಡ್ ಅಂತ ದೇಶದ ಹೆಸರಿದ್ದರೆ ಸಾಮಾನ್ಯವಾಗಿ 1890ರ ಈಚಿನದು. 1887ರಲ್ಲಿ ಬ್ರಿಟನ್ನಿನಲ್ಲಿ, 1890ರಲ್ಲಿ ಅಮೆರಿಕದಲ್ಲಿ ಸರಕಿನ ಗುರುತಿನ ಬಗ್ಗೆ ಕಾನೂನು ಬಂದ ಮೇಲೆ ದೇಶದ ಹೆಸರು ಒತ್ತೋ ರೂಢಿ ಜಾಸ್ತಿಯಾಯ್ತು. ಬಾಣದ ತಲೆಯಂಥ ಮೂರು ಗೆರೆ ಗುರುತು ಇದ್ದರೆ ಅದು ಬ್ರಿಟಿಷ್ ಸರ್ಕಾರದ ಆಸ್ತಿ ಆಗಿತ್ತು ಅಂತ ಅರ್ಥ, ಹೆಚ್ಚಾಗಿ ದಂಡಿಂದು.

ಅಕ್ಷರ ಕಾಣಲ್ಲ ಅಂದರೆ ಗ್ರೈಂಡರ್ ಹಿಡಿಯೋಕೆ ಹೋಗಬೇಡಿ, ಇದ್ದಿದ್ದೂ ಹೋಗುತ್ತೆ. ಎಷ್ಟೋ ವರ್ಷದ ಆಯುಧಪೂಜೆ ಅರಿಶಿನ ಕುಂಕುಮ ಎಣ್ಣೆ ಜಿಡ್ಡು ಸೇರಿ ಗಾರೆಯಂಗೆ ಕೂತಿರುತ್ತೆ. ಸೀಮೆಎಣ್ಣೇಲಿ ನೆನೆಸಿ ಬಟ್ಟೇಲಿ ಒರೆಸಿ, ಒಣಗಿದ ಮೇಲೆ ವಿಭೂತಿ ತಿಕ್ಕಿ. ಸಂಜೆ ಮೇಲೆ ಟಾರ್ಚನ್ನ ಪಕ್ಕದಿಂದ ಓರೆಯಾಗಿ ಬಿಡಿ. ಗುಳಿಯಲ್ಲಿ ವಿಭೂತಿ ನಿಂತು ಅಕ್ಷರ ಎದ್ದು ಬರುತ್ತೆ.

ಅಕ್ಷರ ಹೋಗಿದ್ದರೂ ಮೂರು ಅಂಕಿ ಉಳಿದಿರೋದುಂಟು. ಈ ಮೂರು ಅಂಕಿ ಲೆಕ್ಕ ಬರ್ದಿಟ್ಕೊಳ್ಳಿ. ಇದು ಇಂಗ್ಲೆಂಡಿನ ಹಂಡ್ರೆಡ್‌ವೇಟ್ ತೂಕ. ಮೊದಲ ಅಂಕಿ ಒಂದಕ್ಕೆ 112 ಪೌಂಡು. ನಡುವಿನ ಅಂಕಿ ಒಂದಕ್ಕೆ 28 ಪೌಂಡು. ಕೊನೇದು ಬಿಡಿ ಪೌಂಡು. 1-1-20 ಅಂತ ಇದ್ದರೆ 112ಕ್ಕೆ 28 ಕೂಡಿ, 20 ಕೂಡಿ, 160 ಪೌಂಡು. ಪೌಂಡನ್ನ ಕೆ.ಜಿ. ಮಾಡೋಕೆ ಮೊಬೈಲ್ ಬೇಡ. ಅರ್ಧ ಮಾಡಿ, ಬಂದದ್ದರಲ್ಲಿ ಹತ್ತನೇ ಒಂದು ಪಾಲು ಕಳೀರಿ. 160ರ ಅರ್ಧ 80, ಅದರಲ್ಲಿ 8 ಹೋದರೆ 72. ಸರಿಯಾದ ಲೆಕ್ಕ 72.6, ವ್ಯವಹಾರಕ್ಕೆ ಇಷ್ಟು ಸಾಕು.

ಈ ಲೆಕ್ಕದಲ್ಲಿ ನಡುವಿನ ಅಂಕಿ 3ರ ಮೇಲೆ ಹೋಗೋ ಹಂಗಿಲ್ಲ, ಯಾಕೆ ಅಂದರೆ ನಾಲ್ಕು 28 ಸೇರಿದರೆ 112 ಆಗಿ ಮೊದಲ ಅಂಕಿಗೆ ಸೇರಿಬಿಡುತ್ತೆ. ಕೊನೇ ಅಂಕಿ 27ರ ಮೇಲೆ ಹೋಗಲ್ಲ. ನಡುವೆ 5 ಅಂತಲೋ ಕೊನೇಲಿ 40 ಅಂತಲೋ ಇದ್ದರೆ ಅದು ಇಂಗ್ಲೆಂಡಿನ ತೂಕದ ಗುರುತಲ್ಲ, ಅಥವಾ ಯಾರೋ ಈಚೆಗೆ ಕೆತ್ತಿ ಕೂರಿಸಿದ್ದಾರೆ. ಅಮೆರಿಕದವು ಸಾಮಾನ್ಯವಾಗಿ ನೇರ ಪೌಂಡಲ್ಲಿ ಒಂದೇ ಸಂಖ್ಯೆ ಹಾಕ್ತಿದ್ದವು, ನಮ್ಮ ಕಡೆ ಅವು ನನ್ನ ಕಣ್ಣಿಗೆ ಬಿದ್ದಿಲ್ಲ.

ರೈಲುಕಂಬಿ ತುಂಡಿಗೆ ಬರೋಣ. ಇದು ಬಡವನ ಸೀಮೆ ಅಡಿಗಲ್ಲು. ಕಂಬಿಯ ಸೊಂಟದ ಮೇಲೆ ಎದ್ದ ಅಕ್ಷರದಲ್ಲಿ ಕಾರ್ಖಾನೆ ಹೆಸರು, ಇಸವಿ ಇರುತ್ತೆ. ಟಾಟಾ ಕಾರ್ಖಾನೇಲಿ ಉಕ್ಕು ಬರೋಕೆ ಶುರುವಾಗಿದ್ದು 1912ರಲ್ಲಿ, ಅದಕ್ಕೆ ಮುಂಚಿನ ಕಂಬಿ ಎಲ್ಲ ಹೊರಗಿಂದು. ತುಂಡು ಯಾವ ಲೈನಿಂದು ಅಂತ ತೂಕದಿಂದ ಹೇಳಬಹುದು. ತೂಕ ಹಾಕಿ, ಉದ್ದ ಅಳೆದು, ಒಂದು ಮೀಟರಿಗೆ ಎಷ್ಟು ಕೆ.ಜಿ. ಅಂತ ಭಾಗಿಸಿ. ಅದನ್ನ ಎರಡರಿಂದ ಗುಣಿಸಿದರೆ ಹಳೇ ಲೆಕ್ಕದ ಗಜಕ್ಕೆ ಇಷ್ಟು ಪೌಂಡು ಅನ್ನೋದು ಬರುತ್ತೆ. 90 ಬಂದರೆ ಬ್ರಾಡ್‌ಗೇಜ್, 60 ಅಥವಾ 50 ಬಂದರೆ ಹೆಚ್ಚಾಗಿ ಮೀಟರ್‌ಗೇಜ್, ಅದಕ್ಕೂ ಹಗುರ ಆದರೆ ನಮ್ಮ ಕೋಲಾರದ ಚಿಕ್ಕ ರೈಲಿನಂಥ ಲೈನು.

ಕಂಬಿ ಉಕ್ಕು ಚೆನ್ನಾಗಿರುತ್ತೆ, ಆದರೆ ಮಲಗಿಸಿ ತಟ್ಟಿದರೆ ಸಣ್ಣ ಸೊಂಟ ಅದುರುತ್ತೆ, ಏಟು ವ್ಯರ್ಥ. ಬೊಡ್ಡೇಲಿ ಲಂಬವಾಗಿ ನಿಲ್ಲಿಸಿ ಕೊಯ್ದ ತುದಿ ಮೇಲೆ ತಟ್ಟಿದರೆ ಅಷ್ಟೂ ತೂಕ ಏಟಿನ ಕೆಳಗೆ ಬರುತ್ತೆ. ಒಂದು ಎಚ್ಚರಿಕೆ. ಹೊಸದಾಗಿ ಗ್ಯಾಸ್ ಕಟರಿನಲ್ಲಿ ಕೊಯ್ದ ಕಂಬಿ ತುಂಡು ಯಾರಾದರೂ ಮಾರೋಕೆ ಬಂದರೆ ಮುಟ್ಟಬೇಡಿ. ರೈಲ್ವೆ ಆಸ್ತಿ ಅಕ್ರಮವಾಗಿ ಇಟ್ಟುಕೊಳ್ಳೋದರ ಮೇಲೆ 1966ರ ಕಾನೂನೇ ಇದೆ. ಅಡಿಗಲ್ಲು ಆಸೆಗೆ ಕೋರ್ಟು ಅಲೀಬೇಡಿ.

ಬೀಡಿನ ಅಡಿಗಲ್ಲು ಬಗ್ಗೆ ಎರಡೇ ಮಾತು. ಎರಕ ಹೊಯ್ದಿದ್ದು, ಅಚ್ಚಿನ ಗೆರೆ ಮೈ ಮೇಲೆ ಉದ್ದಕ್ಕೆ ಕಾಣುತ್ತೆ, ಅಂಚು ಉದುರಿದ ಕಡೆ ಬೂದು ಬಣ್ಣದ ಸಕ್ಕರೆ ಹರಳಿನಂಗೆ ಇರುತ್ತೆ. ಕೊಂಬಿದ್ದರೂ ಬಣ್ಣ ಹೊಡೆದಿದ್ದರೂ ಗುಜರಿ ಬೆಲೆ ಮೇಲೆ ಜಾಸ್ತಿ ಕೊಡಬೇಡಿ. ಅಮೆರಿಕದ ಫಿಶರ್ ಅನ್ನೋ ಕಂಪನಿ ಮಾತ್ರ ಬೀಡಿನ ಮೈಗೆ ಉಕ್ಕಿನ ಮುಖ ಬೆಸೆದು ಒಳ್ಳೇ ಅಡಿಗಲ್ಲು ಮಾಡ್ತಿತ್ತು, ಹದ್ದಿನ ಚಿತ್ರ ಇರುತ್ತೆ.

ಈಗ ಪರೀಕ್ಷೆ. ಸದ್ದು ಕೇಳೋದು ಹಳೇ ಪದ್ಧತಿ. ಚಿಕ್ಕ ಸುತ್ತಿಗೇಲಿ ಮೆಲ್ಲಗೆ ತಟ್ಟಿದರೆ ಇಂಗ್ಲೆಂಡಿನದು ಗಂಟೆಯಂಗೆ ಕಿಣಿಕಿಣಿ ಅನ್ನುತ್ತೆ, ಬೀಡು ದಪ್ ಅನ್ನುತ್ತೆ, ತಗಡು ಬಿಟ್ಟುಕೊಂಡ ಕಡೆ ಒಡಕು ಮಡಕೆ ಸದ್ದು ಬರುತ್ತೆ. ಆದರೆ ಬೊಡ್ಡೆಗೆ ಬಿಗಿಯಾಗಿ ಕೂತಿದ್ದರೆ ಒಳ್ಳೇದೂ ಮಂಕಾಗಿ ಕೇಳುತ್ತೆ. ಅದಕ್ಕೆ ನಾನು ಗುಂಡಿನ ಪರೀಕ್ಷೇನ ಹೆಚ್ಚು ನಂಬ್ತೀನಿ. ಹಳೇ ಬೇರಿಂಗಿನ ಒಂದು ಇಂಚು ಗಾತ್ರದ ಗುಂಡು ತಗೊಳ್ಳಿ. ಮುಖದ ಮೇಲೆ ಸ್ಕೇಲ್ ನಿಲ್ಲಿಸಿ ಹತ್ತು ಇಂಚು ಮೇಲಿಂದ ಬಿಡಿ. ಏಳರಿಂದ ಒಂಬತ್ತು ಇಂಚು ಎದ್ದರೆ ಉಕ್ಕಿನ ಮುಖ ಗಟ್ಟಿಯಾಗಿದೆ. ಅರ್ಧಕ್ಕಿಂತ ಕೆಳಗೆ ನಿಂತರೆ ಮೆದು. ಒಂದೇ ಕಡೆ ನೋಡಬೇಡಿ, ಎಂಟು ಹತ್ತು ಕಡೆ ಬಿಡಿ. ಒಂದು ಜಾಗದಲ್ಲಿ ಮಾತ್ರ ಸತ್ತಂಗೆ ಬಿದ್ದರೆ ಆ ಕೆಳಗೆ ತಗಡು ಬೆಸುಗೆ ಬಿಟ್ಟಿದೆ. ಎಲ್ಲಾ ಕಡೆ ಮೆದು, ಆದರೆ ಆಕಾರ ಅಚ್ಚುಕಟ್ಟು ಅಂದರೆ ಅದು ಯಾವಾಗಲೋ ಬೆಂಕಿಗೆ ಬಿದ್ದ ಅಡಿಗಲ್ಲು ಇರಬಹುದು. ಗುಡಿಸಲು ಸುಟ್ಟಾಗ ಹದ ಇಳಿದುಹೋಗುತ್ತೆ, ನೋಡೋಕೆ ಮಾತ್ರ ಹಂಗೇ ಇರುತ್ತೆ. ಕೊಂಬಿನ ಬುಡದ ಚಿಕ್ಕ ಮೆಟ್ಟಿಲು ಮೆದುವಾಗಿದ್ದರೆ ಗಾಬರಿ ಬೇಡ. ಉಳಿ ಹಾಳಾಗದ ಹಂಗೆ ಕಬ್ಬಿಣ ಕಡಿಯೋಕೆ ಅಂತಲೇ ಅದನ್ನ ಮೆದು ಬಿಟ್ಟಿರ್ತಾರೆ.

ಈ ಲೆಕ್ಕ ಎಲ್ಲ ಮೊನ್ನೆ ಒಂದು ಮನೆ ಪಾಲಿನಲ್ಲಿ ಉಪಯೋಗಕ್ಕೆ ಬಂತು. ನಮ್ಮ ಪಕ್ಕದ ಊರಿನ ಆಚಾರಿ ತೀರಿಕೊಂಡು ವರ್ಷ ಆಯ್ತು. ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಜಮೀನು ಮನೆ ಎಲ್ಲ ಸಲೀಸಾಗಿ ಪಾಲಾಯ್ತು, ಈ ಮೂರು ಅಡಿಗಲ್ಲಿನ ಹತ್ತಿರ ಬಂದು ನಿಂತಿತು. ದೊಡ್ಡೋನು ಬೇಸಾಯ, ಚಿಕ್ಕೋನು ಟೌನಲ್ಲಿ ವೆಲ್ಡಿಂಗ್ ಅಂಗಡಿ. ದೊಡ್ಡೋನು ಗುಜರಿಗೆ ಹಾಕಿ ದುಡ್ಡು ಹಂಚಿಕೊಳ್ಳೋಣ ಅಂದ. ಗುಜರಿಯವನು ಬಂದು ಕೊಂಬಿನದು ಐವತ್ತು, ಕಂಬಿ ಹದಿನೈದು, ಗಟ್ಟಿ ಹತ್ತು, ಒಟ್ಟು 75 ಕೆ.ಜಿ., ಮೂವತ್ತು ರೂಪಾಯಿ ಲೆಕ್ಕದಲ್ಲಿ 2,250 ಅಂದ. ಚಿಕ್ಕೋನಿಗೆ ಕೊಂಬಿನದು ಬೇಕು, ಆದರೆ ಅಣ್ಣನ ಹತ್ತಿರ ಬಾಯಿ ಬಿಡೋಕೆ ಸಂಕೋಚ, ಪುಕ್ಕಟೆ ಹೊಡ್ಕೊಂಡ ಅಂತಾರೆ ಅಂತ. ‘ಚಿಕ್ಕಪ್ಪಾ, ನೀವು ಬಂದು ಒಂದು ಮಾತು ಹೇಳಿ’ ಅಂತ ಫೋನ್ ಮಾಡಿದ.

ಮೊದಲು ಮಾಡಿದ ಕೆಲಸ, ಮೂರನ್ನೂ ಟೆಂಪೋದಲ್ಲಿ ಹಾಕಿಕೊಂಡು ಟೊಮೆಟೊ ತೂಗೋ ಎಲೆಕ್ಟ್ರಾನಿಕ್ ತಕ್ಕಡಿ ಮೇಲೆ ಇಟ್ಟಿದ್ದು. ಕೊಂಬಿನದು 71.8, ಕಂಬಿ 21, ಗಟ್ಟಿ 14.3. ಒಟ್ಟು 107.1. ಅದೇ ಮೂವತ್ತರ ಲೆಕ್ಕಕ್ಕೇ 3,213 ಆಗುತ್ತೆ. ಬರೀ ಕಣ್ಣಳತೇಲೇ 963 ರೂಪಾಯಿ ಹೋಗ್ತಿತ್ತು.

ಕೊಂಬಿನದಕ್ಕೆ ವಿಭೂತಿ ತಿಕ್ಕಿದಾಗ ಪೇಟೆಂಟ್ ಅನ್ನೋ ಪದ, ರೈಟ್ ಹೆಸರಿನ ಅರ್ಧ, ಕೆಳಗೆ 1-1-20 ಕಂಡಿತು. ಮೇಲೆ ಹೇಳಿದ ಲೆಕ್ಕ ಅದೇ. ಹುಟ್ಟಿದಾಗ 72.6 ಇದ್ದದ್ದು ಈಗ 71.8. ಇಷ್ಟು ವರ್ಷದ ಏಟಿಗೆ ಒಂದು ಕೆ.ಜಿ.ಯೂ ಕರಗಿಲ್ಲ. ಗುಂಡು ನಡುವೆ ಎಂಟು ಇಂಚು ಎದ್ದಿತು. ಒಂದು ಅಂಚು ಮಾತ್ರ ಎರಡು ಬೆರಳಷ್ಟು ಉದುರಿತ್ತು. ತಾತ ಅದನ್ನ ಗಣಿ ಕಡೆಯಿಂದ ಎತ್ತಿನ ಗಾಡೀಲಿ ತಂದಿದ್ದು ಅಂತ ಮನೆಮಾತು. ಮಾತಿಗೆ ನಾನು ಬೆಲೆ ಕಟ್ಟಲಿಲ್ಲ, ಕಬ್ಬಿಣದ ಮೇಲೆ ಇದ್ದದ್ದಕ್ಕೆ ಮಾತ್ರ ಕಟ್ಟಿದೆ. ಗುಜರಿ ದರದ ಐದರಷ್ಟು, ಕೆ.ಜಿ.ಗೆ 150. ಒಟ್ಟು 10,770. ಮೂರು ಪಾಲಿಗೆ ತಲಾ 3,590. ಚಿಕ್ಕೋನು ತನ್ನ ಪಾಲು ಇಟ್ಟುಕೊಂಡು ಅಣ್ಣನಿಗೂ ಅಕ್ಕನಿಗೂ ಅಲ್ಲೇ ಫೋನಿನಲ್ಲಿ ಹಾಕಿಬಿಟ್ಟ. ಅಣ್ಣನ ಮುಖ ನೋಡಬೇಕಿತ್ತು.

ಕಂಬಿ ತುಂಡು ಚಿಕ್ಕ ರೈಲಿಂದು ಅಂತ ಎಲ್ಲರೂ ಹೇಳೋರು. ಅಳೆದರೆ 47 ಸೆಂಟಿಮೀಟರ್. ಮೀಟರಿಗೆ 44.7 ಕೆ.ಜಿ. ಆಯ್ತು, ಎರಡರಷ್ಟು ಮಾಡಿದರೆ 90ರ ಹತ್ತಿರ. ದೊಡ್ಡ ಲೈನಿಂದು. ಟಾಟಾ ಅಂತ ಇತ್ತು, ಇಸವೀಲಿ 192 ವರೆಗೆ ಇದ್ದು ಕೊನೇ ಅಂಕಿ ಗರಗಸಕ್ಕೆ ಹೋಗಿತ್ತು. ದೊಡ್ಡೋನು ಕುಡುಗೋಲು ತಟ್ಟಿಕೊಳ್ಳೋಕೆ ಅದನ್ನ ಇಟ್ಕೊಂಡ.

ಗಟ್ಟಿಗೆ ಏನು ಬೆಲೆ ಅಂತ ಕೇಳಿದರು. ಮಾರುಕಟ್ಟೇಲಿ ಅದಕ್ಕೆ ಗಿರಾಕಿ ಇಲ್ಲ, ಗುಜರಿ ಲೆಕ್ಕಕ್ಕೆ 429 ರೂಪಾಯಿ ಅಂದೆ. ನಾರು ನಾರಾಗಿ ತುಕ್ಕು ತಿಂದ ಮೈ, ಮೂರು ಕಡೆ ಗುಳಿ. ಇಂಥ ಇನ್ನೊಂದು ಗಟ್ಟಿ ಮಾಡೋ ಒಲೆ ಈಗ ಎಲ್ಲೂ ಹೊತ್ತಿಲ್ಲ ಅಂತಲೂ ಅಂದೆ. ಅಷ್ಟು ಹೊತ್ತು ಸುಮ್ಮನೆ ಕೂತಿದ್ದ ಮಗಳು ಮಾತಾಡಿದ್ದು ಆಗಲೇ. ‘ಊರೆಲ್ಲ ಕಣದಲ್ಲಿ ಆಯ ಕೊಟ್ಟಿದ್ದು ಇದರ ಮೇಲೆ ತಟ್ಟಿದ್ದಕ್ಕೆ. ಆ ರಾಗಿ ತಿಂದು ಬೆಳೆದಿದ್ದು ನಾನೂನೂ. ಇದು ನಂಗಿರಲಿ’ ಅಂದ್ಲು. ನಮ್ಮ ಅಪ್ಪನೂ ಸುಗ್ಗೀಲಿ ಆ ಮನೆಗೆ ರಾಗಿ ಅಳೆದು ಕೊಟ್ಟೋರೇ. ಯಾರೂ ಎದುರು ಮಾತಾಡಲಿಲ್ಲ. ಗೋಣಿಚೀಲಕ್ಕೆ ಹಾಕಿ ಗಂಡನ ಸ್ಕೂಟರಿನ ಮುಂದೆ ಇಟ್ಟುಕೊಂಡು ಹೋದರು.

ಐದರಷ್ಟು ಅಂತ ನಾನು ಕಟ್ಟಿದ್ದು ಎಲ್ಲದಕ್ಕೂ ಸಲ್ಲಲ್ಲ. ಮುಖ ಸಮ, ಅಂಚು ನೆಟ್ಟಗೆ, ಗುಂಡು ಎಂಟರ ಮೇಲೆ, ಹೆಸರು ಪೂರ್ತಿ ಕಾಣೋ ಹಂಗಿದ್ದರೆ ಇನ್ನೂ ಕೇಳಿ. ಬೆಂಗಳೂರಲ್ಲಿ ಚಾಕು ಮಾಡೋ ಹುಡುಗರು, ಗೇಟು ಗ್ರಿಲ್ ಕೆಲಸದೋರು, ಕುದುರೆ ಲಾಳದೋರು ಹುಡುಕ್ತಿರ್ತಾರೆ. ಮುಖ ತೊಟ್ಟಿಲಿನಂಗೆ ಬಗ್ಗಿದ್ದರೆ, ತಗಡು ಎದ್ದಿದ್ದರೆ, ಅರ್ಧಕ್ಕೆ ಇಳಿಸಿ. ಕೊಂಬು ಮುರಿದಿದ್ದರೂ ಮುಖ ಗಟ್ಟಿಯಿದ್ದರೆ ಕೆಲಸಕ್ಕೆ ಬರುತ್ತೆ. ಯಾರೋ ಮುಖಕ್ಕೆ ಸಾದಾ ವೆಲ್ಡಿಂಗ್ ರಾಡಿನಲ್ಲಿ ಗುಳಿ ತುಂಬಿ ಗ್ರೈಂಡರ್ ಹೊಡೆದು ಹೊಳೆಸಿದ್ದರೆ ದೂರ ಇರಿ. ಆ ಬಿಸಿಗೆ ಸುತ್ತಲ ಹದ ಹೋಗಿರುತ್ತೆ, ತಗಡೂ ತೆಳುವಾಗಿರುತ್ತೆ. ನಿಮ್ಮದೇ ಇದ್ದರೂ ಮಾರೋಕೆ ಮುಂಚೆ ಹೊಳೆಸೋ ಕೆಲಸ ಮಾಡಬೇಡಿ, ತುಕ್ಕು ತೆಗೆದು ಎಣ್ಣೆ ಒರೆಸಿದರೆ ಸಾಕು. ಮತ್ತೆ, ತಣ್ಣನೆ ಮುಖದ ಮೇಲೆ ಬರೀ ಸಮ್ಮಟಿಗೇಲಿ ಜೋರಾಗಿ ಹೊಡೆದು ‘ಎಷ್ಟು ಗಟ್ಟಿ ನೋಡು’ ಅಂತ ತೋರಿಸೋರಿದ್ದಾರೆ. ಅಂಚು ಚೂರು ಹಾರಿ ಕಣ್ಣಿಗೆ ಬೀಳುತ್ತೆ.

ತೂಕ ಮಾತ್ರ ಯಾವತ್ತೂ ತಕ್ಕಡಿ ಮೇಲೆ. ನಿಮ್ಮೂರಲ್ಲಿ ಮೂರು ಅಂಕಿ ಇರೋ ಅಡಿಗಲ್ಲು ಯಾರ ಹಿತ್ತಲಲ್ಲಾದರೂ ಬಿದ್ದಿದ್ದರೆ ವಿಭೂತಿ ತಿಕ್ಕಿ, ಓರೆ ಬೆಳಕಲ್ಲಿ ಫೋಟೋ ತೆಗೆದು ಕಳಿಸಿ. ಗುಂಡು ಎಷ್ಟು ಇಂಚು ಎದ್ದಿತು ಅಂತಲೂ ಬರೀರಿ. ಅಮಾವಾಸ್ಯೆ ದಿನ ಬೇಡ, ಆವತ್ತು ಕುಲುಮೆ ಮನೇಲಿ ಅಡಿಗಲ್ಲು ಮುಟ್ಟೋಕೆ ಬಿಡಲ್ಲ.